ಥಿಂಕ್‌ಪ್ಯಾಡ್ ಟಿ21: 256 ಎಂಬಿ ರ‍್ಯಾಮ್ ಹಾಕಿದ್ರ 128 ಅಷ್ಟ ತೋರಸ್ತೈತಿ, ಯಾಕ್ರಿ?

ಬೆಟಗೇರಿ_ಪ್ರೆಸ್ (ಗದಗ)

ನಮಸ್ಕಾರ್ರಿ. ಮಷಿನ್ನು ಐಬಿಎಂ ಥಿಂಕ್‌ಪ್ಯಾಡ್ ಟಿ21, ಪೆಂಟಿಯಂ 3, 800 ಮೆಗಾಹರ್ಟ್ಸ್. ವಿಂಡೋಸ್ 98 ಎಸ್‌ಇ ಐತಿ. ಕೆಲಸ ಒಂದ: ಪೇಜ್‌ಮೇಕರ್ 6.5ದಾಗ ಹಳೇ ಲಗ್ನಪತ್ರಿಕಿ, ಬಿಲ್ ಬುಕ್ಕು, ಜಾತ್ರಿ ಹ್ಯಾಂಡ್‌ಬಿಲ್ಲಿನ ಫೈಲ್ ತಗದು, ಹೆಸರು ತಾರೀಖು ತಿದ್ದಿ, ಪ್ರಿಂಟ್ ಕೊಡೂದು. ಕನ್ನಡ ಫಾಂಟ್ ಪ್ಯಾಕೇಜಿನ ಡಾಂಗಲ್ (ಅದನ್ನ ಹಚ್ಚಿದ್ರ ಅಷ್ಟ ಪ್ಯಾಕೇಜ್ ನಡೀತೈತಿ) ಹಳೇ ಪ್ಯಾರಲಲ್ ಪೋರ್ಟಿಂದು. ಹಂಗಾಗಿ ಈ ಮಷಿನ್ ಬಿಟ್ಟು ಹೊಸದಕ್ಕ ಹೋಗಾಕ ಬರೂದಿಲ್ಲ.

ಮೊದಲ 128 ಎಂಬಿ ಇತ್ತು. ಫೋಟೋ ಇರೋ ಫೈಲ್ ತಗದ್ರ ಹಾರ್ಡ್ ಡಿಸ್ಕಿನ ಲೈಟ್ ಆರೂದ ಇಲ್ಲ. ನಾಕೈದು ಫೈಲ್ ಒಮ್ಮಿಗೇ ತಗದ್ರ "ಮೆಮರಿ ಸಾಲದು" ಅಂತ ಬ್ಯಾರೆ ಬರ್ತೈತಿ. ಹುಬ್ಬಳ್ಳಿಯೊಳಗ ಒಂದು ಅಂಗಡಿಯಿಂದ 256 ಎಂಬಿದು ಎರಡು ತರಿಸೀವಿ, ಪಿಸಿ133, 144 ಪಿನ್. ಎರಡೂ ಹಾಕಿದ್ರ ಬಯಾಸ್‌ನ್ಯಾಗ (ವಿಂಡೋಸ್‌ಗಿಂತ ಮೊದಲ ಓಡೋ ಮಷಿನ್ನಿನ ಸ್ವಂತ ಪ್ರೋಗ್ರಾಂ) ಒಟ್ಟು 256 ತೋರಸ್ತೈತಿ. ಒಂದೊಂದ ಹಾಕಿ ನೋಡಿದ್ರ ಒಂದಕ್ಕ 128. ಮೇಲಿನ ಬಾಜೂಕ ನಾಕು, ಕೆಳಗ ನಾಕು ಚಿಪ್ ಅದಾವು. ಚಿಪ್ ಮ್ಯಾಲೆ ಎಚ್‌ವೈ57ವಿ561620 ಅಂತ ಐತಿ.

ಅಂಗಡಿಯವ್ರು "ಮಾಲು ಬರೋಬ್ಬರಿ ಐತಿ, ನಿಮ್ಮ ಬಯಾಸ್ ಅಪ್‌ಡೇಟ್ ಮಾಡ್ರಿ" ಅಂತಾರ. ಖರೇನ? ಇನ್ನೊಂದು, ಚಾಲೂ ಮಾಡಿದಾಗೆಲ್ಲಾ 0271 ಅಂತ ಬಂದು ತಾರೀಖು ಕೇಳತೈತಿ. ಅದಕ್ಕೂ ರ‍್ಯಾಮ್‌ಗೂ ಸಂಬಂಧ ಐತೇನು?


ಸಾಲು_ಕಂಬ (ಧಾರವಾಡ)

ಅಂಗಡಿಯವರ ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಮಾಡ್ಯೂಲ್ (ಚಿಪ್‌ಗಳಿರುವ ರ‍್ಯಾಮ್ ಪಟ್ಟಿ) ಕೆಟ್ಟಿಲ್ಲ, ಆದರೆ ಬಯಾಸ್ ಅಪ್‌ಡೇಟ್ ಮಾಡಿದರೂ ಆ ಉಳಿದರ್ಧ ಸಿಗುವುದಿಲ್ಲ. ಕಾರಣ ಬಯಾಸ್‌ನಲ್ಲಿಲ್ಲ, ಪ್ರೊಸೆಸರ್‌ಗೂ ಮೆಮರಿಗೂ ನಡುವೆ ಕೂತು ಕೆಲಸ ಮಾಡುವ ಚಿಪ್‌ಸೆಟ್‌ನಲ್ಲಿದೆ.

ಟಿ20, ಟಿ21, ಟಿ22 ಮೂರರಲ್ಲೂ ಇರುವುದು ಇಂಟೆಲ್ 440ಬಿಎಕ್ಸ್. ಅದು ರೂಪುಗೊಂಡ ಕಾಲಕ್ಕೆ ಒಂದು ಮೆಮರಿ ಚಿಪ್ಪಿನ ಗಾತ್ರ 64 ಮೆಗಾಬಿಟ್. ಮುಂದೆ ಬರಲಿದ್ದ 128 ಮೆಗಾಬಿಟ್ ಚಿಪ್ಪಿಗೂ ಅದರಲ್ಲಿ ಜಾಗ ಇಟ್ಟಿದ್ದರು. 256 ಮೆಗಾಬಿಟ್‌ಗೆ ಇಡಲಿಲ್ಲ. ಮೆಮರಿ ಚಿಪ್ಪಿನ ಒಳಗಡೆ ಬಿಟ್‌ಗಳು ಸಾಲು ಮತ್ತು ಕಂಬಗಳಲ್ಲಿ ಕೂತಿರುತ್ತವೆ. 128 ಮೆಗಾಬಿಟ್ ಚಿಪ್ಪಿನ ಸಾಲನ್ನು ಹುಡುಕಲು 12 ವಿಳಾಸದ ತಂತಿ ಸಾಕು. 256 ಮೆಗಾಬಿಟ್‌ನದಕ್ಕೆ 13 ಬೇಕು. ಬಿಎಕ್ಸ್ ಆ ಹದಿಮೂರನೆಯ ತಂತಿಯನ್ನು ಆಡಿಸುವುದೇ ಇಲ್ಲ. ಹಾಗಾಗಿ ಚಿಪ್ಪಿನ ಅರ್ಧದಷ್ಟು ಸಾಲುಗಳಿಗೆ ಯಾರೂ ಹೋಗುವುದಿಲ್ಲ. ಎರಡು ಮಹಡಿಯ ಮನೆ, ಮೆಟ್ಟಿಲು ಕಟ್ಟಿಸಿಲ್ಲ, ಅಷ್ಟೆ. ನಿಮ್ಮ 256 ಎಂಬಿ 128 ಆಗಿ ಕಾಣುವುದು ಇದಕ್ಕೇ. ಕೆಲವು ಮಾಡ್ಯೂಲ್‌ಗಳಲ್ಲಿ ಅರ್ಧವೂ ಸಿಗದೆ ಮಷಿನ್ ಏಳುವುದೇ ಇಲ್ಲ, ನಿಮ್ಮದು ಆ ಮಟ್ಟಿಗೆ ವಾಸಿ.

ನೀವು ಬರೆದ ಎಚ್‌ವೈ57ವಿ561620 ನೋಡಿ. "57ವಿ" ಆದ ಮೇಲೆ ಬರುವ 56 ಅಂದರೆ 256 ಮೆಗಾಬಿಟ್, ಮುಂದಿನ 16 ಅಂದರೆ 16 ಬಿಟ್ ಅಗಲ. ಇದೇ ಕಂಪನಿಯ ಚಿಪ್ಪಿನಲ್ಲಿ 56ರ ಜಾಗದಲ್ಲಿ 28 ಇದ್ದರೆ 128 ಮೆಗಾಬಿಟ್, ಅದು ನಿಮಗೆ ಆಗುತ್ತದೆ. ಸ್ಯಾಮ್‌ಸಂಗ್ ಚಿಪ್ಪಿನಲ್ಲಿ ಕೆ4ಎಸ್ ಆದ ಮೇಲೆ 28 ಬಂದರೆ ಒಳ್ಳೆಯದು, 56 ಬಂದರೆ ಬೇಡ: ಕೆ4ಎಸ್280832 ಆಗುತ್ತದೆ, ಕೆ4ಎಸ್561632 ಆಗುವುದಿಲ್ಲ. ಮೈಕ್ರಾನ್‌ನವರದು ಎಲ್ಲಕ್ಕಿಂತ ಸುಲಭ, ಗುಣಾಕಾರ ಬಂದರೆ ಸಾಕು. ಎಂಟಿ48ಎಲ್‌ಸಿ16ಎಂ8 ಅಂದರೆ 16 ಗುಣಿಸು 8, ಒಟ್ಟು 128. ಎಂಟಿ48ಎಲ್‌ಸಿ16ಎಂ16 ಅಂದರೆ 256.

ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ಹೋಗಿದ್ದರೆ ಅಥವಾ ಅಂಗಡಿಯವರು ಸ್ಟಿಕ್ಕರ್ ಕೀಳಲು ಬಿಡದಿದ್ದರೆ ಹೀಗೆ ಲೆಕ್ಕ ಹಾಕಿ: ಮಾಡ್ಯೂಲಿನ ಎಂಬಿಯನ್ನು 8ರಿಂದ ಗುಣಿಸಿ, ಎರಡೂ ಬದಿಯ ಒಟ್ಟು ಚಿಪ್‌ಗಳ ಸಂಖ್ಯೆಯಿಂದ ಭಾಗಿಸಿ. 128 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೆಗೆದುಕೊಳ್ಳಿ. ನಿಮ್ಮದು 256 ಗುಣಿಸು 8, ಭಾಗಿಸು 8, ಅಂದರೆ 256, ಬೇಡ. 16 ಚಿಪ್ ಇರುವ 256 ಎಂಬಿಯದಕ್ಕೆ 128 ಬರುತ್ತದೆ. ನಿಮಗೆ ಬೇಕಾದದ್ದು ಅದು. 128 ಎಂಬಿಯದರಲ್ಲೂ ಮೋಸ ಹೋಗುವುದುಂಟು: ಎಂಟು ಚಿಪ್ಪಿನದು ಸರಿ, ನಾಲ್ಕೇ ಚಿಪ್ಪಿನದು ಹಾಕಿದರೆ 64 ತೋರಿಸುತ್ತದೆ.

ಎರಡು ಸ್ಲಾಟ್, ಒಂದಕ್ಕೆ 256, ಹೀಗೆ ಗರಿಷ್ಠ 512 ಎಂಬಿ. ಪಿಸಿ133 ಎಂದು ಬರೆದಿದ್ದರೆ ಹೆದರಬೇಡಿ, ಅದು ಇಲ್ಲಿ 100 ಮೆಗಾಹರ್ಟ್ಸ್‌ನಲ್ಲಿ ತಣ್ಣಗೆ ಓಡುತ್ತದೆ. ವಿಡಿಯೋಗೆ ಎಸ್3 ಸ್ಯಾವೇಜ್ ಚಿಪ್ಪಿನ ಜೊತೆಗೇ ಬೇರೆ 8 ಎಂಬಿ ಇದೆ, ಹಾಗಾಗಿ ಹಾಕಿದ ರ‍್ಯಾಮ್‌ನಲ್ಲಿ ಪಾಲು ಹೋಗುವುದಿಲ್ಲ.

ತಂದ ಎರಡನ್ನೂ ಬದಲಾಯಿಸಿಕೊಳ್ಳಿ. ಅವು ವ್ಯರ್ಥದ ಮಾಲಲ್ಲ: ಟಿ23ರಲ್ಲಿ ಚಿಪ್‌ಸೆಟ್ 830, ಅಲ್ಲಿ ಇವೇ ಪೂರ್ತಿ 256 ಕೊಡುತ್ತವೆ. ಅಂಗಡಿಯವರಿಗೆ ಈ ಒಂದು ಮಾತು ಹೇಳಿದರೆ ವಾಪಸ್ ಪಡೆಯಲು ತಕರಾರು ಮಾಡಲಾರರು.

0271ಕ್ಕೂ ರ‍್ಯಾಮ್‌ಗೂ ಸಂಬಂಧವಿಲ್ಲ. ಗಡಿಯಾರದ ಸೆಲ್ ಸತ್ತಿದೆ.


ಬೆಟಗೇರಿ_ಪ್ರೆಸ್ (ಗದಗ)

ಭಾಳ ಚಲೋ ತಿಳಿಸಿದ್ರಿ. ಫೋನ್ ಮಾಡಿ ಟಿ23ರ ಮಾತು ಹೇಳಿದ್ವಿ, ಬದ್ಲಿ ಕೊಡಾಕ ಒಪ್ಯಾರ. ಆದ್ರ 16 ಚಿಪ್ಪಿಂದು ಒಂದ ಐತಂತ, ಪಿಸಿ100, ಫೋಟೋ ಕಳಸ್ಯಾರ, ಒಂದು ಬಾಜೂಕ ಎಂಟು ಚಿಪ್ ಒತ್ತಟ್ಟಿಗೆ ಕುಂತಾವು. ಮ್ಯಾಲೆ ಕೆ4ಎಸ್280832 ಅಂತ ಓದಾಕ ಬರ್ತೈತಿ. ಅದನ್ನೂ ನಮ್ಮ ಹಳೇ 128ನ್ನೂ ಕೂಡಿಸಿ ಹಾಕಬಹುದೇನು? ಸಣ್ಣದು ದೊಡ್ಡದು ಕೂಡಿದ್ರ ಜಗಳ ಆಗೂದಿಲ್ಲಲ್ಲ?

ಈ ಸಲ ನಾವ ಹಾಕವ್ರು. ಹೋದ ಸಲ ಅಂಗಡಿ ಹುಡುಗ ಹಾಕಿದ್ದ. ಪ್ರೆಸ್ಸಿನ್ಯಾಗ ಕಾಗದದ ಪುಡಿ, ಪೌಡರ್ ಎಲ್ಲಾ ಹಾರತಿರ್ತೈತಿ, ಅದರದೇನರ ಕಾಳಜಿ ತಗೋಬೇಕಾ?


ಕ್ಲಿಕ್_ಆತೇನ (ಹುಬ್ಬಳ್ಳಿ)

ಸಣ್ಣದು ದೊಡ್ಡದು ಕೂಡಿದ್ರ ಏನೂ ಆಗೂದಿಲ್ರಿ. ಇದ್ರಾಗ ಜೋಡಿ ಹಾಕಬೇಕು ಅನ್ನೋ ನೇಮ ಇಲ್ಲ. 256 ಮತ್ತು 128, ಒಟ್ಟು 384. ಯಾವ ಸ್ಲಾಟಿಗೆ ಯಾವುದು ಅನ್ನೂದೂ ಮುಖ್ಯ ಅಲ್ಲ. ಎರಡರಾಗ ಯಾವುದು ಸಾವಕಾಶಂದೋ ಅದರ ನಡಿಗಿಗೆ ಎರಡೂ ನಡೀತಾವು.

ಈಗ ಕೈಕೆಲಸದ ಮಾತು. ಮೊದಲು ಮಷಿನ್ ಪೂರಾ ಶಟ್‌ಡೌನ್ ಮಾಡ್ರಿ. ಸ್ಟ್ಯಾಂಡ್‌ಬೈ ಬ್ಯಾಡ, ಹೈಬರ್ನೇಟ್ ಅಂತೂ ಬ್ಯಾಡಾ ಬ್ಯಾಡ. ಹೈಬರ್ನೇಟ್ ಮಾಡಿ ರ‍್ಯಾಮ್ ಬದಲಿಸಿದ್ರ, ಎದ್ದ ಕೂಡ್ಲೆ ಮೊದಲಿನ ರ‍್ಯಾಮಿನ ಚಿತ್ರಾನ ಹೊಸಾದ್ರಾಗ ತುಂಬಾಕ ಹೋಗ್ತೈತಿ, ಅಲ್ಲೇ ನಿಂತಬಿಡ್ತೈತಿ. ಅಡಾಪ್ಟರ್ ತಗೀರಿ, ಬ್ಯಾಟರಿ ತಗೀರಿ, ಡಾಂಗಲ್ಲೂ ತಗೀರಿ. ಆಮ್ಯಾಲೆ ಪವರ್ ಬಟನ್ ಒಂದು ಐದಾರು ಸೆಕೆಂಡ್ ಒತ್ತಿ ಹಿಡೀರಿ, ಒಳಗ ಉಳಿದ ಕರೆಂಟು ಇಳೀಲಿ.

ಮಷಿನ್ ಬೋರಲ ಹಾಕೂಕಿಂತ ಮೊದಲು ಕೆಳಗ ಒಂದು ಮೆತ್ತನ್ನ ಅರಬಿ ಹಾಸ್ರಿ, ಆದ್ರ ಟೆರಿಕಾಟ್ ಬ್ಯಾಡ, ಹತ್ತೀದು. ಪ್ರೆಸ್ಸಿನ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಅಂತೂ ಕೂಡ್ಲೇ ಬ್ಯಾಡ್ರಿ. ಈ ಒಣಾ ಗಾಳಿಯೊಳಗ, ಅದೂ ಕಾಗದ ಸರಿಯೋ ಜಾಗಾದಾಗ, ಮೈಯೊಳಗಿನ ಸ್ಟ್ಯಾಟಿಕ್ ಕರೆಂಟು ನಮಗ ಚುರುಕ್ ಅನಸದಿದ್ರೂ ಚಿಪ್ಪಿಗೆ ಸಾಕಾಗ್ತೈತಿ. ಮಾಡ್ಯೂಲ್ ಮುಟ್ಟೂ ಮೊದಲು ಹಿಂದಿನ ಪ್ಯಾರಲಲ್ ಪೋರ್ಟಿನ ಲೋಹದ ಅಂಚು ಬೆರಳಲೆ ಮುಟ್ರಿ, ಕುರ್ಚಿಯಿಂದ ಎದ್ದು ಕುಂತ್ರ ಮತ್ತೊಮ್ಮೆ ಮುಟ್ರಿ.

ತಳದಾಗ ರ‍್ಯಾಮಿನ ಮುಚ್ಚಳ ಐತಿ, ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್ ಸಾಕು, ಒಂದನೇ ನಂಬರಿಂದು. ದೊಡ್ಡದ್ರಲೆ ತಿರುವಿದ್ರ ಸ್ಕ್ರೂವಿನ ತಲಿ ಸವದು ಹೋಗ್ತೈತಿ. ಮುಚ್ಚಳ ತಗದ ಮ್ಯಾಲೆ ಮಾಡ್ಯೂಲಿನ ಎರಡೂ ಕಡೆ ಸಣ್ಣ ಕಿವಿ ಕಾಣ್ತಾವು. ಎರಡೂ ಕಿವಿ ಒಮ್ಮೆಲೆ ಹೊರಗ ಸರಸ್ರಿ, ಮಾಡ್ಯೂಲ್ ತಾನ ಮ್ಯಾಲೆ ಎದ್ದು ಓರೆಯಾಗಿ ನಿಲ್ತೈತಿ. ಆ ಓರೆಯೊಳಗ ಹೊರಗ ಎಳೀರಿ. ನೆಟ್ಟಗ ಮ್ಯಾಲೆ ಎತ್ತಬ್ಯಾಡ್ರಿ.

ಬಂಗಾರದ ಹಲ್ಲು ನೋಡ್ರಿ. ಹೊಳೀತಿದ್ರ ಏನೂ ಮಾಡಬ್ಯಾಡ್ರಿ. ಮಬ್ಬಾಗಿದ್ರ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಎಳಿ ಬಿಡದ ಅರಬಿಲೆ ಒರಸ್ರಿ, ಹಲ್ಲಿನ ಉದ್ದಕ್ಕ, ಅಡ್ಡಕ್ಕ ಅಲ್ಲ. ಕಪ್ಪಗಾಗಿದ್ರ ಬಿಳಿ ಪೆನ್ಸಿಲ್ ರಬ್ಬರಲೆ ಹಗುರಕ ಎರಡ ಸಲ, ಆಮ್ಯಾಲೆ ಆ ರಬ್ಬರಿನ ಪುಡಿ ಆಲ್ಕೋಹಾಲಲೆ ತಗೀಬೇಕು, ಇಲ್ಲಂದ್ರ ಅದ ಸಾಕೆಟ್ಟಿನ್ಯಾಗ ಕುಂಡರ್ತೈತಿ. ಮರಳುಕಾಗದ ಹಚ್ಚಬ್ಯಾಡ್ರಿ, ಬಂಗಾರದ ಲೇಪ ಭಾಳ ತೆಳ್ಳಗ, ಒಂದ ಸಲಕ್ಕ ಹೋಗ್ತೈತಿ, ಆ ಮ್ಯಾಲೆ ಕೆಳಗಿನ ಲೋಹ ಗಾಳಿಗೆ ಕಪ್ಪಾಕ್ಕೋತ ಹೋಗ್ತೈತಿ.

ನಿಮ್ಮ ಕಾಗದದ ಪುಡಿ ಸಾಕೆಟ್ಟಿನ್ಯಾಗ ಇದ್ದ ಇರ್ತೈತಿ. ಕ್ಯಾಮೆರಾದವ್ರ ಹತ್ರ ಸಿಗೋ ರಬ್ಬರ್ ಬುಡ್ಡಿಯಿಂದ ಗಾಳಿ ಹೊಡೀರಿ. ಬಾಯಲೆ ಊದಬ್ಯಾಡ್ರಿ, ಉಗುಳಿನ ಹನಿ ಹೋಗ್ತೈತಿ. ಪ್ರೆಸ್ಸಿನ ಕಂಪ್ರೆಸರ್ ಪೈಪಂತೂ ತರಬ್ಯಾಡ್ರಿ, ಅದರಾಗ ನೀರೂ ಎಣ್ಣಿನೂ ಬರ್ತಾವು, ಒತ್ತಡಕ್ಕ ಸಾಕೆಟ್ಟಿನ ಹಲ್ಲೂ ಬಾಗ್ತಾವು.

ಹಾಕೂದು: ಮಾಡ್ಯೂಲಿನ ನಡುವಿನ ಕಚ್ಚು ಮಧ್ಯಕ್ಕ ಇಲ್ಲ, ಒಂದು ಬದಿಗೆ ಸರದೈತಿ, ಅದು ಸಾಕೆಟ್ಟಿನ ಗೂಟಕ್ಕ ಹೊಂದಬೇಕು. ಮೂವತ್ತು ಡಿಗ್ರಿಯಷ್ಟು ಓರೆ ಹಿಡದು ಒಳಗ ತಳ್ರಿ. ಇಲ್ಲೇ ಹತ್ತರಾಗ ಎಂಟು ಮಂದಿ ತಪ್ಪೋದು. ಒಳಗ ಪೂರಾ ಹೋಗೂಕಿಂತ ಮೊದಲ ಕೆಳಗ ಒತ್ತಿ ಬಿಡ್ತಾರ. ಕಿವಿ ಕ್ಲಿಕ್ ಅಂತಾವು, ಕೂತಂಗ ಕಾಣ್ತೈತಿ, ಆದ್ರ ಹಲ್ಲಿಗೆ ಹಲ್ಲು ಹತ್ತಿರೂದಿಲ್ಲ. ಓರೆ ಇದ್ದಾಗ ಬಂಗಾರದ ಗೆರಿ ನೋಡ್ರಿ. ಎಡಕ್ಕೂ ಬಲಕ್ಕೂ ಸಮ ಇರಬೇಕು, ಹೆಚ್ಚೂ ಕಡಿಮಿ ಕಾಣದಂಗ ಆಗಿರಬೇಕು. ಒಂದು ಕಡೆ ಒಂದು ಮಿಲಿಮೀಟರ್ ಬಂಗಾರ ಹೆಚ್ಚಿಗಿ ಕಂಡ್ರ ಆ ಕಡೆ ಮೂಲಿ ಬೆರಳಲೆ ಒತ್ತಿ ಒಳಗ ಕಳಸ್ರಿ. ಆಮ್ಯಾಲೆ ಎರಡೂ ಮೂಲಿ ಮ್ಯಾಲೆ ಬೆರಳಿಟ್ಟು ಕೆಳಗ ಒತ್ರಿ, ಎರಡೂ ಕಿವಿ ಕ್ಲಿಕ್ ಅನ್ನಬೇಕು. ಚಿಪ್ ಮ್ಯಾಲೆ ಒತ್ತಬ್ಯಾಡ್ರಿ.

ಚಾಲೂ ಮಾಡಿದ್ರ ಬರೇ ಬೀಪ್ ಹೊಡದು ಪರದಿ ಕಪ್ಪಗ ಉಳದ್ರ ಗಾಬರಿ ಬ್ಯಾಡ, ನೂರಕ್ಕ ತೊಂಬತ್ತು ಕೂತಿಲ್ಲ ಅಂತ ಅರ್ಥ. ಮತ್ತ ಎಲ್ಲಾ ತಗದು ಮೊದಲಿಂದ ಮಾಡ್ರಿ. 0231 ಇಲ್ಲಾ 0232 ಅಂತ ಬಂದ್ರ ಅದು ರ‍್ಯಾಮಿಂದ ತಕರಾರು. ಆವಾಗ ಒಂದೊಂದ ಮಾಡ್ಯೂಲ್ ಹಾಕಿ, ಆಮ್ಯಾಲೆ ಸ್ಲಾಟ್ ಬದಲಿಸಿ ನೋಡ್ರಿ. ತಪ್ಪು ಮಾಡ್ಯೂಲಿನ ಜೋಡಿ ಹೋದ್ರ ಮಾಡ್ಯೂಲ್ ಖರಾಬು, ಸ್ಲಾಟಿನ ಜೋಡಿ ಉಳದ್ರ ಸ್ಲಾಟ್.

ಇನ್ನ 0271. ಗಡಿಯಾರದ ಸೆಲ್ಲು ಸಿಆರ್2032, ವೈರು ಕನೆಕ್ಟರ್ ಸಮೇತ ಬರೋದು. ಮೀಟರ್ ಹಚ್ಚಿದ್ರ ಹೊಸಾದು 3 ವೋಲ್ಟಿನ ಮ್ಯಾಲೆ ತೋರಸ್ತೈತಿ. ಬಜಾರದಾಗ ಸಿಗೋ ಬರೇ ಸೆಲ್ ತಂದು ಅದಕ್ಕ ನೇರ ಸೋಲ್ಡರ್ ಮಾಡಬ್ಯಾಡ್ರಿ, ಕಾವಿಗೆ ಸೆಲ್ಲು ಉಬ್ಬಿ ಒಡೀತೈತಿ. ಪಟ್ಟಿ ವೆಲ್ಡ್ ಮಾಡಿದ ಸೆಲ್ ಕೇಳಿ ತಗೊಂಡು, ಪಟ್ಟಿಗೆ ವೈರ್ ಹಚ್ಚಿ, ಮ್ಯಾಲೆ ಹೀಟ್‌ಶ್ರಿಂಕ್ ಸುತ್ರಿ. ಕೆಂಪು ಕರಿ ವೈರು ಹಳೇದರಾಗ ಹೆಂಗ ಇದ್ವೋ ಹಂಗ.


ಸಾಲು_ಕಂಬ (ಧಾರವಾಡ)

ಸೆಲ್ ಬಿಚ್ಚುವ ಮೊದಲು ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಫ್1 ಒತ್ತಿ ಬಯಾಸ್‌ಗೆ ಹೋಗಿ ಸೂಪರ್‌ವೈಸರ್ ಪಾಸ್‌ವರ್ಡ್ ಇದೆಯೇ ನೋಡಿ. ಈ ಥಿಂಕ್‌ಪ್ಯಾಡ್‌ಗಳಲ್ಲಿ ಅದು ಸೆಲ್ ನಂಬಿಕೊಂಡಿರುವುದಿಲ್ಲ, ಕರೆಂಟಿಲ್ಲದೆಯೂ ನೆನಪಿಡುವ ಬೇರೆ ಇಇಪ್ರಾಮ್ ಚಿಪ್ಪಿನಲ್ಲಿರುತ್ತದೆ. ಸೆಲ್ ತೆಗೆದರೆ ತಾರೀಖು ಹೋಗುತ್ತದೆ, ಪಾಸ್‌ವರ್ಡ್ ಹೋಗುವುದಿಲ್ಲ. ತಾರೀಖು ಹೋದದ್ದಕ್ಕೆ ಸೆಟಪ್‌ಗೆ ಕರೆಯುತ್ತದೆ, ಸೆಟಪ್‌ಗೆ ಹೋಗಲು ಪಾಸ್‌ವರ್ಡ್ ಕೇಳುತ್ತದೆ. ಕಚೇರಿಗಳಿಂದ ಹರಾಜಾಗಿ ಬಂದ ಮಷಿನ್‌ಗಳು ಹೀಗೆ ಬಾಗಿಲಲ್ಲೇ ನಿಂತುಬಿಡುತ್ತವೆ. ನಿಮ್ಮದು ಈಗಾಗಲೇ ದಿನಾ ಸೆಟಪ್‌ಗೆ ಬಿಡುತ್ತಿದೆ ಅಂದಮೇಲೆ ಪಾಸ್‌ವರ್ಡ್ ಇರಲಿಕ್ಕಿಲ್ಲ, ಆದರೂ ನೋಡಿಕೊಳ್ಳಿ.


ಸಿಸ್‌ಮಾನ್ (ಹಾವೇರಿ)

ಯಂತ್ರದ ಮಾತು ಮುಗಿದಿದೆ. ಆದರೆ ಮೊದಲ ಪ್ರಶ್ನೆಯಲ್ಲಿ ಎರಡು ಬೇರೆ ಕಾಯಿಲೆ ಇವೆ, ಎಲ್ಲರೂ ಒಂದಕ್ಕೇ ಮದ್ದು ಕೊಡುತ್ತಿದ್ದೀರಿ.

ಹಾರ್ಡ್ ಡಿಸ್ಕಿನ ದೀಪ ಆರದಿರುವುದು ರ‍್ಯಾಮ್ ಕೊರತೆ. ನಾಲ್ಕೈದು ಫೈಲ್ ತೆರೆದಾಗ "ಮೆಮರಿ ಸಾಲದು" ಅನ್ನುವುದು ಬಹುಮಟ್ಟಿಗೆ ಅದಲ್ಲ. ವಿಂಡೋಸ್ 98ರಲ್ಲಿ ಯೂಸರ್, ಜಿಡಿಐ ಎಂಬ ಎರಡು ಖಜಾನೆಗಳಿವೆ. ಅವುಗಳಲ್ಲಿ 16 ಬಿಟ್ ಕಾಲದಿಂದ ಬಂದ 64 ಕೆಬಿಯ ಭಾಗಗಳು ಇನ್ನೂ ಉಳಿದಿವೆ. ಕಿಟಕಿ, ಬಟನ್, ಐಕಾನ್, ಫಾಂಟ್, ಕುಂಚ ಎಲ್ಲದಕ್ಕೂ ಅಲ್ಲಿಂದಲೇ ಚೂರು ಜಾಗ ಹೋಗುತ್ತದೆ. ನೀವು 512 ಅಲ್ಲ, ಎಷ್ಟೇ ರ‍್ಯಾಮ್ ಹಾಕಿದರೂ ಆ 64 ಕೆಬಿ 64 ಕೆಬಿಯೇ. ಸ್ಟಾರ್ಟ್ ಮೆನುವಿನ ಆಕ್ಸೆಸರೀಸ್, ಸಿಸ್ಟಂ ಟೂಲ್ಸ್ ಒಳಗೆ ರಿಸೋರ್ಸ್ ಮೀಟರ್ ಇದೆ. ಅದನ್ನು ಹಚ್ಚಿಟ್ಟುಕೊಂಡು ಪೇಜ್‌ಮೇಕರ್‌ನಲ್ಲಿ ಒಂದೊಂದೇ ಫೈಲ್ ತೆರೆಯಿರಿ. ಸಂದೇಶ ಬರುವ ಹೊತ್ತಿಗೆ ಜಿಡಿಐ ಹತ್ತು ಪರ್ಸೆಂಟಿನ ಆಸುಪಾಸು ಇಳಿದಿದ್ದರೆ ರೋಗ ಅದೇ.

ಮದ್ದು: ಫಾಂಟ್ ಕಡಿಮೆ ಮಾಡಿ. ಡಿಟಿಪಿ ಮಷಿನ್‌ಗಳಲ್ಲಿ ಸಿಕ್ಕ ಸಿಡಿಯ ಫಾಂಟ್‌ಗಳನ್ನೆಲ್ಲ ಫಾಂಟ್ಸ್ ಫೋಲ್ಡರಿಗೆ ಸುರಿದಿರುತ್ತಾರೆ. ವಿಂಡೋಸ್ 98ಕ್ಕೆ ಸುಮಾರು 1000 ಟ್ರೂಟೈಪ್ ಫಾಂಟ್‌ಗಳೇ ಮೇಲ್ಮಿತಿ, ಅದಕ್ಕಿಂತ ಬಹಳ ಮೊದಲೇ ತೆವಳಲು ಶುರು ಮಾಡುತ್ತದೆ. ಲಗ್ನಪತ್ರಿಕೆಗೆ ನಿಜವಾಗಿ ಬಳಸುವುದು ಇಪ್ಪತ್ತೋ ಮೂವತ್ತೋ. ಉಳಿದವನ್ನು ಬೇರೆ ಫೋಲ್ಡರಿನಲ್ಲಿಟ್ಟು, ಹಳೆಯ ಫೈಲ್ ಕೇಳಿದಾಗ ಆ ಒಂದನ್ನು ಮಾತ್ರ ಹಾಕಿ. ಗಡಿಯಾರದ ಪಕ್ಕ ಕೂತು ಓಡುವ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಎಂಎಸ್‌ಕಾನ್ಫಿಗ್‌ನ ಸ್ಟಾರ್ಟಪ್ ಪಟ್ಟಿಯಿಂದ ತೆಗೆಯಿರಿ. ಫಾಂಟ್ ಪ್ಯಾಕೇಜಿನ ಕೀಬೋರ್ಡ್ ಇಂಜಿನ್ ಮತ್ತು ಡಾಂಗಲ್ ಡ್ರೈವರ್ ಮಾತ್ರ ಮುಟ್ಟಬೇಡಿ.

ರ‍್ಯಾಮ್ ಎಷ್ಟು ಬೇಕು ಅನ್ನುವುದಕ್ಕೂ ಊಹೆ ಬೇಡ. ಅದೇ ಸಿಸ್ಟಂ ಟೂಲ್ಸ್‌ನಲ್ಲಿ ಸಿಸ್ಟಂ ಮಾನಿಟರ್ ಇದೆ. ಇಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ವಿಂಡೋಸ್ ಸೆಟಪ್‌ನಿಂದ ಹಾಕಿಕೊಳ್ಳಿ. ಮೆಮರಿ ಮ್ಯಾನೇಜರ್ ವಿಭಾಗದ ಸ್ವಾಪ್‌ಫೈಲ್ ಇನ್ ಯೂಸ್ (ಮೆಮರಿ ಸಾಲದೆ ಡಿಸ್ಕಿನಲ್ಲಿ ಬಳಸುತ್ತಿರುವ ಜಾಗ) ಎಂಬ ಗೆರೆ ಹಚ್ಚಿ, ನಿಮ್ಮ ಅತಿ ಭಾರದ ಫೈಲ್ ತೆರೆದು ಪ್ರಿಂಟ್ ಕೊಡಿ. ಆ ಹೊತ್ತಿನ ಅಂಕಿಯಷ್ಟು ರ‍್ಯಾಮ್ ನಿಮಗೆ ಕಡಿಮೆ ಬಿದ್ದಿದೆ. ಪೇಜ್‌ಮೇಕರ್ 6.5ಕ್ಕೆ 384 ಧಾರಾಳ ಆಯಿತು. ಇನ್ನೊಂದು 16 ಚಿಪ್ಪಿನದಕ್ಕಾಗಿ ಬೆಂಗಳೂರಿನ ಎಸ್‌ಪಿ ರೋಡ್ ಅಲೆಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಾಕಿದ ಮೇಲೆ ವಿಂಡೋಸ್‌ನಲ್ಲಿ ಮಾಡಬೇಕಾದದ್ದು ಮೂರು. ಸಿಸ್ಟಂ.ಐಎನ್‌ಐ ಫೈಲಿನ ಒಂದು ನಕಲು ಮೊದಲು ತೆಗೆದಿಡಿ. ಅದರ ವಿಕ್ಯಾಶ್ ವಿಭಾಗದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್=131072 ಎಂಬ ಸಾಲು ಸೇರಿಸಿ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಜಾಗ ಬಿಡದೆ. ಅಂಕಿ ಕೆಬಿ ಲೆಕ್ಕ, ಅಂದರೆ 128 ಎಂಬಿ. ಇದಿಲ್ಲದಿದ್ದರೆ ವಿಂಡೋಸ್ 98 ಖಾಲಿ ಕಂಡ ರ‍್ಯಾಮನ್ನೆಲ್ಲ ಡಿಸ್ಕ್ ಕ್ಯಾಶ್‌ಗೆ, ಅಂದರೆ ಡಿಸ್ಕಿನಿಂದ ಓದಿದ್ದರ ನಕಲು ಇಟ್ಟುಕೊಳ್ಳಲು, ಬಳಿದುಕೊಳ್ಳುತ್ತದೆ. 512 ಎಂಬಿ ದಾಟಿದ ಮಷಿನ್‌ಗಳಲ್ಲಿ ಇದೇ ಕಾರಣಕ್ಕೆ ವಿಂಡೋಸ್ ಏಳದೆ, ಮೆಮರಿ ಹೆಚ್ಚಿದ್ದರೂ ಮೆಮರಿ ಇಲ್ಲ ಅನ್ನುವ ವಿಚಿತ್ರ ನಡೆಯುತ್ತದೆ. 384ರಲ್ಲಿ ಅಷ್ಟು ಕೆಡುವುದಿಲ್ಲ, ಆದರೂ ಮಿತಿ ಹಾಕಿದರೆ ಪೇಜ್‌ಮೇಕರ್‌ಗೆ ಸಿಗುವ ಪಾಲು ಹೆಚ್ಚುತ್ತದೆ. ಎರಡನೆಯದು, 386ಇಎನ್‌ಎಚ್ ವಿಭಾಗದಲ್ಲಿ ಕನ್ಸರ್ವೇಟಿವ್‌ಸ್ವಾಪ್‌ಫೈಲ್‌ಯೂಸೇಜ್=1. ವಿಂಡೋಸ್ 98 ಬಿಡುವಿದ್ದಾಗೆಲ್ಲ ಮುಂಚಿತವಾಗಿಯೇ ಡಿಸ್ಕಿಗೆ ಬರೆಯುವ ಚಾಳಿಯದು. ಈ ಸಾಲು ಇದ್ದರೆ ರ‍್ಯಾಮ್ ನಿಜಕ್ಕೂ ತುಂಬುವವರೆಗೆ ಸುಮ್ಮನಿರುತ್ತದೆ. ನಿಮ್ಮ ದೀಪ ಆರುವುದು ಇದರಿಂದಲೇ.

ಮೂರನೆಯದನ್ನು ಮರೆಯುವವರೇ ಹೆಚ್ಚು. 98ರಲ್ಲಿ ಥಿಂಕ್‌ಪ್ಯಾಡ್ ಹೈಬರ್ನೇಷನ್ ಬಳಸುತ್ತಿದ್ದರೆ, ಹಿಂದೆ 128 ಎಂಬಿಗೆ ಅಳೆದು ಮಾಡಿದ ಹೈಬರ್ನೇಷನ್ ಫೈಲ್ 384ಕ್ಕೆ ಸಾಲುವುದಿಲ್ಲ. ಥಿಂಕ್‌ಪ್ಯಾಡ್ ಕಾನ್ಫಿಗರೇಷನ್ ಪ್ರೋಗ್ರಾಂನಿಂದ ಅದನ್ನು ಅಳಿಸಿ ಹೊಸದಾಗಿ ಮಾಡಿ, ಡಿಸ್ಕಿನಲ್ಲಿ 400 ಎಂಬಿಗಿಂತ ಹೆಚ್ಚು ಖಾಲಿ ಇರಲಿ. ಬಳಸುವುದೇ ಇಲ್ಲವಾದರೆ ಫೈಲನ್ನೇ ತೆಗೆದುಹಾಕಿ, ಜಾಗ ಉಳಿಯುತ್ತದೆ.

ಇದೆಲ್ಲಕ್ಕಿಂತ ಮೊದಲು, ವಿಂಡೋಸ್ ಏಳಲು ಬಿಡದೆ, ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ. ಪೆನ್‌ಡ್ರೈವ್ ನೆಚ್ಚಬೇಡಿ, ಈ ಕಾಲದ ಬಯಾಸ್ ಅದರಿಂದ ಏಳುವುದಿಲ್ಲ. ಸಿಡಿ-ಆರ್ ಒಂದನ್ನು ಕಡಿಮೆ ವೇಗದಲ್ಲಿ ಸುಡಿ, ಹಳೆಯ ಡ್ರೈವ್‌ಗಳು ಆರ್‌ಡಬ್ಲ್ಯೂ ಸಿಡಿ ಓದಲು ತಕರಾರು ಮಾಡುತ್ತವೆ. ಸಂಜೆ ಅಂಗಡಿ ಮುಚ್ಚುವಾಗ ಹಚ್ಚಿ, ಬೆಳಿಗ್ಗೆ ನೋಡಿ. ಒಂದೇ ಒಂದು ಕೆಂಪು ಸಾಲು ಇದ್ದರೂ ಆ ಮಾಡ್ಯೂಲ್ ವಾಪಸ್. ತಪ್ಪು ಪ್ರತಿ ಸುತ್ತಿನಲ್ಲೂ ಒಂದೇ ವಿಳಾಸ, ಒಂದೇ ಬಿಟ್‌ನಲ್ಲಿ ಬಂದರೆ ಚಿಪ್ ಸತ್ತಿದೆ; ಸಿಕ್ಕಲ್ಲೆಲ್ಲ ಚದುರಿ ಬಂದರೆ ಕೂರಿಸಿದ್ದೇ ಸರಿ ಇಲ್ಲ, ಮೇಲೆ ಹೇಳಿದ ಬಂಗಾರದ ಗೆರೆ ಮತ್ತೆ ನೋಡಿ. ವಿಂಡೋಸ್ ನೆಟ್ಟಗೆ ಏಳುತ್ತದೆ ಅನ್ನುವುದು ರ‍್ಯಾಮ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಕೆಟ್ಟ ಬಿಟ್ ಇದ್ದರೆ ಪೇಜ್‌ಮೇಕರ್ ಫೈಲ್ ಸೇವ್ ಆಗುವಾಗ ಸದ್ದಿಲ್ಲದೆ ಹಾಳಾಗುತ್ತದೆ, ಆರು ತಿಂಗಳ ನಂತರ ಗಿರಾಕಿ ಬಂದು ಅದೇ ಪತ್ರಿಕೆ ಕೇಳಿದಾಗ ಗೊತ್ತಾಗುತ್ತದೆ.


ವಿನ್95_ಇನ್ನೂ (ರಾಣೆಬೆನ್ನೂರು)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಪೆಂಟಿಯಂ ಎಂಎಂಎಕ್ಸ್ 166 ಇರುವ ಲ್ಯಾಪ್‌ಟಾಪ್, 430ಟಿಎಕ್ಸ್ ಚಿಪ್‌ಸೆಟ್, ಬೋರ್ಡಿನ ಮೇಲೆ 16 ಎಂಬಿ ಬೆಸೆದಿದೆ, 144 ಪಿನ್ನಿನ ಒಂದು ಸ್ಲಾಟ್ ಖಾಲಿ. ಗದಗಿನವರು ವಾಪಸ್ ಕೊಡುತ್ತಿರುವ 256ನ್ನು ಇದಕ್ಕೆ ಹಾಕಿದರೆ ಅರ್ಧವಾದರೂ ಸಿಗಬಹುದಾ?


ಸಾಲು_ಕಂಬ (ಧಾರವಾಡ)

ಇಲ್ಲ, ಪ್ರಯತ್ನವೂ ಬೇಡ. 430ಟಿಎಕ್ಸ್ ಅರಿತದ್ದು 64 ಮೆಗಾಬಿಟ್ ಚಿಪ್ಪಿನವರೆಗೆ.

ನಿಮ್ಮಲ್ಲಿ ಇನ್ನೂ ಎರಡು ಹಳ್ಳಗಳಿವೆ. 144 ಪಿನ್ನಿನಲ್ಲಿ ಎರಡು ಜಾತಿಯ ಮೆಮರಿ, ಇಡಿಓ ಮತ್ತು ಎಸ್‌ಡಿರ‍್ಯಾಮ್ ಎರಡೂ ಬಂದಿವೆ, ಎರಡೂ 3.3 ವೋಲ್ಟ್, ಕಚ್ಚು ಕೂಡ ಒಂದೇ ಜಾಗದಲ್ಲಿ. ಒಂದರ ಸ್ಲಾಟಿಗೆ ಇನ್ನೊಂದು ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಬೋರ್ಡಿನಲ್ಲಿ ಬೆಸೆದಿರುವುದು ಯಾವ ಜಾತಿಯೋ ಅದನ್ನೇ ಹುಡುಕಿ. ಚಿಪ್ಪಿನ ಸಂಖ್ಯೆಯ ಬಾಲ ನೋಡಿದರೆ ಗೊತ್ತಾಗುತ್ತದೆ: ಅಡ್ಡಗೆರೆಯ ನಂತರ 5 ಅಥವಾ 6 ಇದ್ದು, ಅದು 50 ಅಥವಾ 60 ನ್ಯಾನೊಸೆಕೆಂಡಿನ ಗುರುತಾಗಿದ್ದರೆ ಇಡಿಓ, 10, 8, 75 ಹೀಗಿದ್ದರೆ ಎಸ್‌ಡಿರ‍್ಯಾಮ್.

ಎರಡನೆಯದು, ಹೆಚ್ಚು ಹಾಕಿದರೆ ನಿಧಾನವಾಗುತ್ತದೆ. 430ಟಿಎಕ್ಸ್‌ನ ಎರಡನೇ ಹಂತದ ಕ್ಯಾಶ್ (ಪ್ರೊಸೆಸರ್ ಪಕ್ಕದ ಸಣ್ಣ, ವೇಗದ ಮೆಮರಿ) ಮೊದಲ 64 ಎಂಬಿಯನ್ನು ಮಾತ್ರ ಕಾಯುತ್ತದೆ. ವಿಂಡೋಸ್ 95 ಮೆಮರಿಯನ್ನು ಮೇಲ್ತುದಿಯಿಂದ ಬಳಸುತ್ತಾ ಬರುತ್ತದೆ, ಅಂದರೆ ಕಾವಲಿಲ್ಲದ ಭಾಗದಲ್ಲೇ ಮೊದಲು ಹೋಗಿ ಕೂರುತ್ತದೆ. 16ರ ಜೊತೆ 64 ಹಾಕಿದರೆ 80, ಕಾವಲು ತಪ್ಪಿದ್ದು 16. ಬದಲಿಗೆ 32 ಹಾಕಿ 48ಕ್ಕೆ ನಿಲ್ಲಿಸಿ. ವಿಂಡೋಸ್ 95ಕ್ಕೆ 48 ಅಂದರೆ ಹಬ್ಬದೂಟ. ನಿಮ್ಮ ಮಾಡೆಲ್ಲಿನಲ್ಲಿ ಎರಡನೇ ಹಂತದ ಕ್ಯಾಶ್ ಹಾಕಿಯೇ ಇಲ್ಲವಾದರೆ, ಅಗ್ಗದ ಮಾಡೆಲ್‌ಗಳಲ್ಲಿ ಹಾಗೂ ಇತ್ತು, ಈ ಲೆಕ್ಕವೇ ಇಲ್ಲ; 64 ಸಿಕ್ಕರೆ ಅದನ್ನೇ ಹಾಕಿ.


ಬೆಟಗೇರಿ_ಪ್ರೆಸ್ (ಗದಗ)

ಬಯಾಸ್‌ನ್ಯಾಗ 384 ಬಂತ್ರಿ. ಮೊದಲನೇ ಸಲ ಬರೇ ಬೀಪು, ಎಡಮೂಲಿಯೊಳಗ ಬಂಗಾರ ಕಾಣತಿತ್ತು, ಒತ್ತಿ ಕೂಡಿಸಿದ ಮ್ಯಾಲೆ ಸರಿ ಆತು. ಮೆಮ್‌ಟೆಸ್ಟ್ ರಾತ್ರಿಯೆಲ್ಲಾ ಓಡೈತಿ, ತಪ್ಪು ಸೊನ್ನೆ. ರಿಸೋರ್ಸ್ ಮೀಟರ್ ಹಚ್ಚಿ ನೋಡಿದ್ರ ಐದನೇ ಫೈಲಿಗೆ ಜಿಡಿಐ 9 ಪರ್ಸೆಂಟ್. ಫಾಂಟ್ ಎಣಿಸಿದ್ವಿ, 740 ಇದ್ವು. ಈಗ 46 ಉಳಿಸೀವಿ, ಅದ ಐದು ಫೈಲಿಗೆ 41 ಪರ್ಸೆಂಟ್ ಉಳೀತೈತಿ.

ವಿಂಡೋಸಿನ್ಯಾಗ ಮಾತ್ರ 383 ಅಂತ ಐತಿ. ಒಂದು ಎಂಬಿ ಎಲ್ಲಿ ಹೋತು?


ಕ್ಲಿಕ್_ಆತೇನ (ಹುಬ್ಬಳ್ಳಿ)

ಎಲ್ಲೂ ಹೋಗಿಲ್ರಿ. ಮೊದಲ ಒಂದು ಎಂಬಿಯೊಳಗ 640 ಕೆಬಿ ಆದ ಮ್ಯಾಲಿನ ಜಾಗ ಬಯಾಸ್‌ಗೂ ವಿಡಿಯೋಗೂ ಮೀಸಲು, 98 ಅದನ್ನ ಕಳದು ತೋರಸ್ತೈತಿ. ಸೆಲ್ಲು ಹಾಕಿದ್ರೇನು? ಹಾಕೂದಿದ್ರ ಡಾಂಗಲ್ ಬಿಚ್ಚಿಟ್ಟ ಮ್ಯಾಲ ಹಾಕ್ರಿ, ಮತ್ತ ಡಾಂಗಲ್ ಹಚ್ಚೂದು ಮಷಿನ್ ಬಂದ್ ಇದ್ದಾಗ. ಪ್ಯಾರಲಲ್ ಪೋರ್ಟು ಯುಎಸ್‌ಬಿ ಅಲ್ಲ, ಚಾಲೂ ಇದ್ದಾಗ ಹಚ್ಚಿ ತಗದು ಮಾಡಿದ್ರ ಪೋರ್ಟಾದ್ರೂ ಹೋಗ್ತೈತಿ, ಡಾಂಗಲ್ಲಾದ್ರೂ ಹೋಗ್ತೈತಿ. ರ‍್ಯಾಮ್ ಮತ್ತ ಸಿಗ್ತೈತಿ, ಡಾಂಗಲ್ ಸಿಗೂದಿಲ್ಲ.